ಪ್ರಾಜೆಕ್ಟ್‌ನ ಗುರಿ ಬರೆಯುವುದು ಹೇಗೆ?

ಪ್ರಾಜೆಕ್ಟ್ ಮುಗಿದ ದಿನ ಇಬ್ಬರು ಬೇರೆ ಬೇರೆ ಕೂತು ದಾಖಲೆ ನೋಡಿದರೂ "ಮುಟ್ಟಿದೆ" ಅಥವಾ "ಮುಟ್ಟಿಲ್ಲ" ಎಂಬ ಒಂದೇ ಉತ್ತರ ಬರಬೇಕು. ಗುರಿ ಅಷ್ಟು ಖಚಿತವಾಗಿರಬೇಕು. ಇದನ್ನು ಬರೆಯಬೇಕಾದದ್ದು ಕೆಲಸಗಳ ಪಟ್ಟಿ, ವೇಳಾಪಟ್ಟಿ ಮಾಡುವುದಕ್ಕೂ ಮೊದಲು.

ಉದ್ದೇಶದಿಂದ ಶುರು ಮಾಡಿ. ಯಾರಿಗೆ ಏನು ಬದಲಾಗಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಹೊಸ ಸಾಫ್ಟ್‌ವೇರ್ ಅಳವಡಿಸುವುದು" ಉದ್ದೇಶವಲ್ಲ, ಕೆಲಸ. ಸಾಫ್ಟ್‌ವೇರ್ ಬಂದ ಮೇಲೂ ಗ್ರಾಹಕರ ದೂರುಗಳು ಹಾಗೇ ಬಿದ್ದಿರಬಹುದು. "ದೂರು ಕೊಟ್ಟವರಿಗೆ ಬೇಗ ಪರಿಹಾರ ಸಿಗಬೇಕು" ಎಂಬುದು ಉದ್ದೇಶ. ಅದರ ಕೆಳಗೆ ಮೂರೋ ನಾಲ್ಕೋ ಗುರಿ ಸಾಕು. ಹತ್ತು ಬರೆದರೆ, ಸಮಯ ಸಾಲದಾದಾಗ ಯಾವುದನ್ನು ಕೈಬಿಡಬೇಕೆಂದು ತಂಡದಲ್ಲಿ ಒಬ್ಬೊಬ್ಬರೂ ಒಂದೊಂದು ತೀರ್ಮಾನ ಮಾಡುತ್ತಾರೆ.

ಅಂಕಿ ಹಾಕುವ ಮುಂಚೆ ಈಗಿನ ಸ್ಥಿತಿಯನ್ನು ಅಳೆಯಿರಿ. ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ. ಕನಿಷ್ಠ ನಾಲ್ಕು ವಾರಗಳ ದಾಖಲೆ ತೆಗೆದು ಲೆಕ್ಕ ಹಾಕಿ, ಆಮೇಲೆ ಹೀಗೆ ಬರೆಯಿರಿ:

"ಸೆಪ್ಟೆಂಬರ್‌ನಲ್ಲಿ ದಾಖಲಾಗುವ ಪ್ರತಿ 100 ದೂರುಗಳಲ್ಲಿ 90 ದೂರುಗಳು 3 ಕೆಲಸದ ದಿನಗಳೊಳಗೆ ಬಗೆಹರಿಯಬೇಕು. ಈಗಿನ ಪ್ರಮಾಣ: 55. ಲೆಕ್ಕ ನೋಡುವ ದಿನ: ಅಕ್ಟೋಬರ್ 8. ಹೊಣೆ: ಗ್ರಾಹಕ ಸೇವಾ ಮುಖ್ಯಸ್ಥರು."

ಇಲ್ಲಿ ಸರಾಸರಿಯನ್ನು ಬಳಸದಿರುವುದಕ್ಕೆ ಕಾರಣವಿದೆ. ಒಂಬತ್ತು ದೂರು ತಲಾ 1 ದಿನದಲ್ಲಿ, ಒಂದು ಮಾತ್ರ 40 ದಿನದಲ್ಲಿ ಬಗೆಹರಿದರೆ ಸರಾಸರಿ 4.9 ದಿನ. ಅಷ್ಟು ದಿನ ಕಾದವರು ಒಬ್ಬರೂ ಇಲ್ಲ!

"ಬಗೆಹರಿಯುವುದು" ಎಂದರೇನು ಎಂಬುದನ್ನೂ ಬರೆದಿಡಿ: ಸಿಬ್ಬಂದಿ ದೂರನ್ನು ಮುಚ್ಚಿದರೆ ಸಾಕೋ, ಗ್ರಾಹಕರು ಒಪ್ಪಬೇಕೋ? ಇದನ್ನು ಬಿಟ್ಟರೆ ಅಂಕಿಗಾಗಿ ದೂರುಗಳನ್ನು ಅವಸರವಾಗಿ ಮುಚ್ಚುವುದು ಶುರುವಾಗುತ್ತದೆ. ಅಳತೆಯೇ ಗುರಿಯಾದಾಗ ಹೀಗಾಗುವುದು ಸಹಜ. ಆದ್ದರಿಂದ ಜೊತೆಗೊಂದು ಕಾವಲು ಅಳತೆ ಇಡಿ: ಮುಚ್ಚಿದ 100 ದೂರುಗಳಲ್ಲಿ 14 ದಿನಗಳೊಳಗೆ ಮತ್ತೆ ತೆರೆಯುವಂತಾಗುವುದು 5ನ್ನು ಮೀರಬಾರದು.

ಹೊಣೆ ಒಬ್ಬರದೇ ಇರಲಿ. "ತಂಡದ ಹೊಣೆ" ಎಂದು ಬರೆದರೆ ಯಾರೂ ವಿಚಾರಿಸುವುದಿಲ್ಲ. 1981ರಲ್ಲಿ ನಿರ್ವಹಣಾ ಸಲಹೆಗಾರ ಜಾರ್ಜ್ ಡೋರನ್, ಗುರಿ ಬರೆಯಲು ಐದು ಅಂಶಗಳ ಸ್ಮಾರ್ಟ್ (SMART) ಸೂತ್ರವನ್ನು ಮುಂದಿಟ್ಟಾಗ ಅದರ ಮೂರನೆಯ ಅಂಶ ಇದೇ ಆಗಿತ್ತು: ಕೆಲಸವನ್ನು ಯಾರು ಮಾಡುತ್ತಾರೆಂದು ಹೇಳುವುದು. ಈಗ ಅದರ ಜಾಗದಲ್ಲಿ "ಸಾಧಿಸಬಹುದಾದದ್ದು" ಎಂದು ಕಲಿಸುವುದೇ ಹೆಚ್ಚು. ಹೊಣೆಯ ಮಾತು ಬಿಟ್ಟುಹೋಗಿರುವುದು ದೊಡ್ಡ ನಷ್ಟ.

ಈ ಪ್ರಾಜೆಕ್ಟ್‌ನಲ್ಲಿ ಏನನ್ನು ಮಾಡುವುದಿಲ್ಲ ಎಂಬುದಕ್ಕೂ ಎರಡು ಸಾಲು ಮೀಸಲಿಡಿ. "ಹಳೆಯ ದೂರುಗಳ ವಿಲೇವಾರಿ ಇದರಲ್ಲಿ ಸೇರಿಲ್ಲ" ಎಂಬ ಒಂದು ಸಾಲು ಇಲ್ಲದಿದ್ದರೆ ನಡುವೆ ಆ ಕೆಲಸವೂ ಬಂದು ಸೇರಿಕೊಳ್ಳುತ್ತದೆ. ದಿನಾಂಕ, ಖರ್ಚು, ಕೆಲಸದ ವ್ಯಾಪ್ತಿ ಈ ಮೂರರಲ್ಲಿ ಯಾವುದು ಕದಲಬಾರದು, ಯಾವುದನ್ನು ಸಡಿಲಿಸಬಹುದು ಎಂಬುದನ್ನು ಹಣ ಕೊಡುವವರಿಂದ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಎರಡು ವಾರಕ್ಕೊಮ್ಮೆ ಅಂಕಿ ನೋಡಿ. ಗುರಿಯನ್ನು ಬದಲಿಸಲೇಬೇಕಾದರೆ ಹಳೆಯದನ್ನು ಅಳಿಸದೆ, ದಿನಾಂಕ, ಕಾರಣ, ಒಪ್ಪಿದವರ ಹೆಸರು ಬರೆದು ಕೆಳಗೆ ಹೊಸದನ್ನು ಸೇರಿಸಿ.

ಅಂತಿಮಗೊಳಿಸುವ ಮುಂಚೆ, ಸಭೆಯಲ್ಲಿ ಇಲ್ಲದಿದ್ದ ಸಹೋದ್ಯೋಗಿಯೊಬ್ಬರಿಗೆ ಓದಲು ಕೊಡಿ. ಯಾವ ದಿನ, ಯಾವ ದಾಖಲೆ ನೋಡಿ, ಎಷ್ಟಿದ್ದರೆ ಗೆದ್ದಂತೆ ಎಂದು ಕೇಳಿ. ಅವರು ತಡವರಿಸಿದ ಸಾಲನ್ನು ತಿದ್ದಿ ಬರೆಯಿರಿ.