ಮನೆ ಪಾಲಾಯಿತು, ಗೇಮು ಪಾಲಾಗಲಿಲ್ಲ

ತಮ್ಮ ಯಲಹಂಕದಲ್ಲಿ ಬೇರೆ ಮನೆ ಮಾಡಿದಾಗ ಪಾತ್ರೆ, ಬೀರು, ಮಂಚ ಎಲ್ಲ ಅರ್ಧ ದಿನದಲ್ಲಿ ಹಂಚಿ ಮುಗಿಯಿತು. ಗ್ರೈಂಡರು ಅವನ ಪಾಲಿಗೆ ಹೋಯಿತು, ಅಮ್ಮ ವಿಜಯನಗರದಲ್ಲಿ ನನ್ನ ಜೊತೆ ಉಳಿದರು. ಮಾತು ಸಿಕ್ಕಿಹಾಕಿಕೊಂಡಿದ್ದು ಟಿವಿ ಕೆಳಗೆ ವಿಡಿಯೋ ಗೇಮುಗಳನ್ನಿಟ್ಟಿದ್ದ ಗೂಡಿನ ಮುಂದೆ.

"ಅಣ್ಣ, ಡಿಸ್ಕು ಬಿಡು, ಎಣಿಸಿ ಹಂಚ್ಕೋಬಹುದು. ಡೌನ್‌ಲೋಡ್ ಮಾಡಿ ತಗೊಂಡಿದ್ದೆಲ್ಲ ಯಾರ ಪಾಲಿಗೆ?"

ಹದಿನೈದು ವರ್ಷ ಒಂದೇ ಟಿವಿ ಮುಂದೆ ಕೂತು ಆಡಿದವರು ನಾವು. ಹಬ್ಬದ ಆಫರ್ ಬಂದಾಗ ಯಾರ ಕೈಲಿ ದುಡ್ಡಿತ್ತೋ ಅವರು, ಆ ಹೊತ್ತಿಗೆ ಯಾರ ಅಕೌಂಟ್ ತೆರೆದಿತ್ತೋ ಅದರಲ್ಲೇ ಕೊಂಡುಬಿಡುತ್ತಿದ್ದೆವು. ಕೂತು ಲೆಕ್ಕ ಹಾಕಿದರೆ ನನ್ನ ಅಕೌಂಟಲ್ಲಿ 31, ಅವನದರಲ್ಲಿ 19. ಅವನು ಪ್ರಾಣ ಬಿಡುವ ರೇಸಿಂಗ್ ಗೇಮುಗಳೆಲ್ಲ ನನ್ನ ಹೆಸರಲ್ಲಿ; ನಾನು ಆಡುವುದರಲ್ಲಿ ಅರ್ಧ ಅವನ ಹೆಸರಲ್ಲಿ. ಸೈಟು ಹೆಸರು ಬದಲಾಯಿಸಲು ಸಬ್‌ ರಿಜಿಸ್ಟ್ರಾರ್ ಕಚೇರಿಯಾದರೂ ಇದೆ, ಗೇಮಿಗೆ ಆ ದಾರಿಯೂ ಇಲ್ಲ. ಕೊಟ್ಟ ದುಡ್ಡಿಗೆ ಸಿಗುವುದು ಆಡುವ ಅನುಮತಿ ಮಾತ್ರ, ಅದು ಕೊಂಡ ಅಕೌಂಟಿಗೇ ಅಂಟಿಕೊಂಡಿರುತ್ತದೆ.

ಹಂಚಲಾಗದ ಮೇಲೆ ಎಲ್ಲವೂ ಎರಡೂ ಮನೆಗೆ ಸಿಗುವ ಹಾಗೆ ಮಾಡಿಕೊಂಡೆವು. ಮಾಡಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ, ಎಡವಿದ್ದನ್ನೂ ಸೇರಿಸಿ.

ನಮ್ಮದು ಎಕ್ಸ್‌ಬಾಕ್ಸ್. ಅಂದರೆ ಟಿವಿಗೆ ಜೋಡಿಸಿ ಗೇಮು ಆಡುವ ಮೈಕ್ರೋಸಾಫ್ಟ್ ಕಂಪನಿಯ ಪೆಟ್ಟಿಗೆ, ಕನ್ಸೋಲ್ ಅನ್ನುತ್ತಾರೆ. ಅದರ ಮಾದರಿಗಳಲ್ಲಿ ನನ್ನ ಹತ್ತಿರ ಸೀರೀಸ್ ಎಕ್ಸ್, ತಮ್ಮ ಹೊಸ ಮನೆಗೆ ತಂದದ್ದು ಸೀರೀಸ್ ಎಸ್. ಇದರಲ್ಲಿ ಪ್ರತಿ ಅಕೌಂಟಿಗೂ ಒಂದು ಕನ್ಸೋಲನ್ನು 'ಹೋಮ್' ಎಂದು ಗುರುತು ಹಾಕಬಹುದು. ಹಾಕಿದರೆ ಆ ಕನ್ಸೋಲಲ್ಲಿ ನಾನಿರಲಿ ಬಿಡಲಿ, ಯಾರು ಬೇಕಾದರೂ ತಮ್ಮ ತಮ್ಮ ಅಕೌಂಟಲ್ಲೇ ನನ್ನ ಗೇಮು ಆಡಬಹುದು. ಇನ್ನು ನಾನು ಖುದ್ದಾಗಿ ಲಾಗಿನ್ ಆದರೆ ನನ್ನ ಗೇಮು ಯಾವ ಕನ್ಸೋಲಲ್ಲಾದರೂ ತೆರೆಯುತ್ತದೆ, ಅದು ಹೋಮ್ ಆಗಿರಬೇಕಿಲ್ಲ. ಈ ಎರಡನೇ ಮಾತು ತಲೆಗೆ ಹತ್ತಿದ ದಿನ ಕೆಲಸ ಆಯಿತು. ನನ್ನ ಮನೆಯಲ್ಲಿ ನಾನು ಹೇಗೂ ಲಾಗಿನ್ ಆಗಿಯೇ ಇರುತ್ತೇನೆ. ಮತ್ತೆ ನನ್ನ ಹೋಮನ್ನು ನನ್ನ ಮನೆಯಲ್ಲೇ ಇಟ್ಟುಕೊಂಡು ಏನು ಪ್ರಯೋಜನ?

ಒಂದು ಭಾನುವಾರ ಯಲಹಂಕಕ್ಕೆ ಹೋದೆ. ಅವನ ಕನ್ಸೋಲಿಗೆ ನನ್ನ ಅಕೌಂಟ್ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಪರ್ಸನಲೈಸೇಶನ್‌ಗೆ ಹೋಗಿ ಅದನ್ನೇ ನನ್ನ ಹೋಮ್ ಮಾಡಿದೆ. ಮುಂದಿನ ವಾರ ಅವನು ಅಮ್ಮನನ್ನು ನೋಡಲು ಬಂದಾಗ ನಮ್ಮ ಮನೆಯದನ್ನು ಅವನ ಹೋಮ್ ಮಾಡಿದ. ಅಷ್ಟೇ. 50 ಗೇಮೂ ಎರಡೂ ಮನೆಯಲ್ಲಿ. ಚಂದಾ ಕಟ್ಟಿದವರಿಗೆ ಹಲವು ಗೇಮು ಆಡಲು ಬಿಡುವ ಗೇಮ್ ಪಾಸನ್ನೂ ಇಬ್ಬರೂ ಕಟ್ಟುತ್ತಿದ್ದೆವು, ಒಂದನ್ನು ನಿಲ್ಲಿಸಿದೆವು. ನನಗೆ ನಂಬಲಿಕ್ಕಾಗದ್ದು ಇನ್ನೊಂದು: ಒಂದೇ ಸಲ ಕೊಂಡ ರೇಸಿಂಗ್ ಗೇಮನ್ನು ಅವನು ಅಲ್ಲಿಂದ, ನಾನು ಇಲ್ಲಿಂದ, ಒಂದೇ ರೇಸಿನಲ್ಲಿ ಆಡಿದೆವು. "ಅಣ್ಣ, ಒಂದು ಟಿಕೆಟಲ್ಲಿ ಇಬ್ಬರು ಬಸ್ ಹತ್ತಿದಂಗಾಯ್ತು" ಅಂದ.

ಕಂಡಕ್ಟರ್ ಬಂದದ್ದು ಒಂದು ತಿಂಗಳ ಮೇಲೆ. ನಮ್ಮ ಬೀದಿಯಲ್ಲಿ ಒಳಚರಂಡಿಗೆ ಅಗೆದವರು ಇಂಟರ್ನೆಟ್ ಕೇಬಲನ್ನೂ ಕತ್ತರಿಸಿ ಹೋಗಿದ್ದರು. ರಾತ್ರಿ ಊಟ ಮುಗಿಸಿ ಕನ್ಸೋಲ್ ಹಚ್ಚಿದರೆ ನಾನೇ ದುಡ್ಡು ಕೊಟ್ಟ ಗೇಮು ತೆರೆಯಲೊಲ್ಲದು. ಈ ಗೇಮು ನಿಮ್ಮದೇನಾ ಅಂತ ಪರದೆಯ ಮೇಲೆ ಪ್ರಶ್ನೆ. ತಮಾಷೆಯೆಂದರೆ ತಮ್ಮನ ಗೇಮುಗಳು ಒಂದೂ ತಕರಾರಿಲ್ಲದೆ ತೆರೆಯುತ್ತಿದ್ದವು. ಆಮೇಲೆ ಯೋಚಿಸಿದರೆ ಸರಿಯಾಗೇ ಇದೆ: ನೆಟ್ ಇಲ್ಲದೆ ಆಡುವ ಹಕ್ಕು ಹೋಮ್ ಕನ್ಸೋಲಿಗೆ ಮಾತ್ರ, ನಮ್ಮನೆ ಪೆಟ್ಟಿಗೆ ಈಗ ಅವನ ಹೋಮ್. ನಾನು ನನ್ನ ಮನೆಯಲ್ಲೇ ನೆಂಟ. ಕೊನೆಗೆ ಇನ್ನೊಂದು ಸಲ ನೆಟ್ ಹೋದಾಗ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿದೆ, ಅನುಮತಿ ಪರೀಕ್ಷೆಗೆ ಬೇಕಾಗುವ ಡೇಟಾ ತೀರಾ ಚಿಕ್ಕದು, ಅರೆ ನಿಮಿಷದಲ್ಲಿ ತೆರೆಯಿತು. ಇದು ಮೊದಲೇ ಹೊಳೆದಿದ್ದರೆ ಒಂದು ದಡ್ಡತನ ತಪ್ಪುತ್ತಿತ್ತು. ಮೊದಲ ಸಲ ಕೇಬಲ್ ಸರಿಯಾದ ಕೂಡಲೇ ಗಾಬರಿಯಲ್ಲಿ ಹೋಮ್ ವಾಪಸ್ ತಂದುಕೊಂಡೆ, ಮಾರನೇ ವಾರ ಮತ್ತೆ ಕಳಿಸಿದೆ, ದಸರಾ ರಜೆಗೆ ಮತ್ತೆ ತಂದೆ. ಹೋಮ್ ಬದಲಾಯಿಸಲು ವರ್ಷಕ್ಕೆ ಐದೇ ಅವಕಾಶ. ದೀಪಾವಳಿ ಹೊತ್ತಿಗೆ ನನ್ನ ಕೈಲಿ ಒಂದು ಉಳಿದಿತ್ತು.

ಇನ್ನೊಂದು ಪಾಠಕ್ಕೆ ದುಡ್ಡೂ ಹೋಯಿತು. ನನ್ನ ಅಕೌಂಟ್ ಅವನ ಕನ್ಸೋಲಲ್ಲಿ ಕೂತಿರುತ್ತದಲ್ಲ, ತಮ್ಮನ ಮಗ ಅದನ್ನೇ ಒತ್ತಿ ಒಳಹೊಕ್ಕು ಫುಟ್‌ಬಾಲ್ ಗೇಮಿನ ಕಾಯಿನ್ ಕೊಂಡಿದ್ದ. ಕಾರ್ಡಾಗಿದ್ದರೆ ಒಟಿಪಿ ನನ್ನ ಫೋನಿಗೆ ಬರುತ್ತಿತ್ತು. ಹೋದದ್ದು ಗಿಫ್ಟ್ ಕಾರ್ಡ್ ಹಾಕಿ ಉಳಿಸಿದ್ದ ಬ್ಯಾಲೆನ್ಸು, ಅದಕ್ಕೆ ಒಟಿಪಿಯ ಹಂಗಿಲ್ಲ. ಕೇಳಿದರೆ "ದೊಡ್ಡಪ್ಪ, ಅದು ಫ್ರೀ ಅಂದ್ಕೊಂಡೆ" ಅಂದ. ಆರನೇ ಕ್ಲಾಸು, ಏನನ್ನೋದು. ಅವತ್ತೇ ಲಾಗಿನ್ನಿಗೂ ಕೊಳ್ಳುವುದಕ್ಕೂ ಪಿನ್ ಹಾಕಿದೆ. ಈ ಏರ್ಪಾಟು ಮಾಡಿಕೊಳ್ಳುವವರು ಮೊದಲು ಪಿನ್ ಹಾಕಿ, ಆಮೇಲೆ ಹೋಮ್ ಬದಲಾಯಿಸಿ. ಪಾಸ್‌ವರ್ಡ್ ಹೇಳುವಷ್ಟು ನಂಬಿಕೆ ಇರುವವರ ಜೊತೆ ಮಾತ್ರ ಮಾಡಿ. ಕಡಿಮೆ ದುಡ್ಡಿಗೆ 'ಶೇರಿಂಗ್ ಅಕೌಂಟ್' ಮಾರುವವರ ಹತ್ತಿರ ಹೋದ ಕಚೇರಿಯ ಗೆಳೆಯನಿಗೆ ದುಡ್ಡೂ ಇಲ್ಲ, ಗೇಮೂ ಇಲ್ಲ.

ಇನ್ನು ಹಳೇ ಡಿಸ್ಕುಗಳ ಕಥೆ. ನಮ್ಮ ಮೊದಲ ಪೆಟ್ಟಿಗೆ ಪ್ಲೇಸ್ಟೇಷನ್ 2, ಅದಕ್ಕೆ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿಂದ ತಂದ ಸಿಡಿಗಳ ಬಗ್ಗೆ ಮಾತಾಡದಿರುವುದೇ ಮರ್ಯಾದೆ. ದುಡಿಯಲು ಶುರು ಮಾಡಿದ ಮೇಲೆ, 2010ರಲ್ಲಿ, ಎಕ್ಸ್‌ಬಾಕ್ಸ್ 360 ಬಂತು. ಅದರ 14 ಡಿಸ್ಕು ಅಸಲಿ. ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಒಂದೊಂದಾಗಿ ಸೀರೀಸ್ ಎಕ್ಸ್‌ಗೆ ಹಾಕಿ ನೋಡಿದೆ.

ಮೊದಲು ಹಾಕಿದ್ದು 'ರೆಡ್ ಡೆಡ್ ರಿಡೆಂಪ್ಷನ್', 2010ರದ್ದು. ಡಿಸ್ಕು ಒಳಗೆ ಹೋಯಿತು, ಗಿರ್ ಅಂತ ಒಂದು ಸುತ್ತು ತಿರುಗಿತು, ಹೆಸರು ಗುರುತು ಹಿಡಿಯಿತು. ಆಮೇಲೆ ಡಿಸ್ಕಿನ ಸದ್ದೇ ಇಲ್ಲ, ಇಂಟರ್ನೆಟ್ಟಿನಿಂದ ಇಡೀ ಗೇಮು ಇಳಿಯತೊಡಗಿತು. ಇದು ಕೆಟ್ಟಿದೆಯೇನೋ ಅಂತ ಎರಡು ಸಲ ಹೊರತೆಗೆದು ಹಾಕಿದೆ. ಕೆಟ್ಟಿರಲಿಲ್ಲ, ಪದ್ಧತಿಯೇ ಅದು. 360ರ ಒಳಗಿದ್ದದ್ದು ಐಬಿಎಂ ಮಾಡಿದ ಪವರ್‌ಪಿಸಿ ಜಾತಿಯ ಪ್ರೊಸೆಸರ್. ಈಗಿನವು ನಮ್ಮ ಪಿಸಿಗಳಲ್ಲಿರುವ ಎಕ್ಸ್86 ಜಾತಿಯವು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಹಳೇ ಯಂತ್ರವನ್ನು ಸಾಫ್ಟ್‌ವೇರಲ್ಲೇ ನಟಿಸುವ ಎಮ್ಯುಲೇಟರ್ ಜೊತೆ ಪ್ರತಿ ಗೇಮನ್ನೂ ಮತ್ತೆ ಕಟ್ಟಿ ಇಟ್ಟಿದ್ದಾರೆ, ಇಳಿಯುವುದು ಆ ಗಂಟು. ಡಿಸ್ಕು ಬರೀ ಬೀಗದ ಕೈ. ಆದರೆ ಪ್ರತಿ ಸಲ ಆಡುವಾಗಲೂ ಆ ಕೈ ಒಳಗಿರಬೇಕು. ಚಿತ್ರವೋ, 360ರಲ್ಲಿ ಮಬ್ಬಾಗಿದ್ದ ಬೆಟ್ಟದ ಅಂಚು ಈಗ 4ಕೆ ಟಿವಿಯಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

14ರಲ್ಲಿ ತೆರೆದದ್ದು ಎಂಟು. ಒಂದು ಡಿಸ್ಕಿನಲ್ಲಿ ಸುತ್ತ ಬಳೆಯಂಥ ಗೀರು. 360 ನಿಂತು ಆಡುತ್ತಿರುವಾಗಲೇ ಅಡ್ಡ ಮಲಗಿಸಿದ್ದು ನಾನೇ, ಯಾರನ್ನೂ ದೂರುವಂತಿಲ್ಲ. ಎರಡು ಕೈನೆಕ್ಟ್ ಕ್ಯಾಮೆರಾದ ಮುಂದೆ ಕುಣಿದು ಆಡುವಂಥವು, ಆ ಜಾತಿಯನ್ನು ಹೊಸ ಪೆಟ್ಟಿಗೆಯಲ್ಲಿ ತೆರೆಯುವ ಹಳೇ ಗೇಮುಗಳ ಪಟ್ಟಿಗೇ ಸೇರಿಸಿಲ್ಲ. ಉಳಿದ ಮೂರು ಪಟ್ಟಿಯಲ್ಲಿಲ್ಲ, ಅದರಲ್ಲಿ ನಮ್ಮ ಕ್ರಿಕೆಟ್ ಡಿಸ್ಕೂ ಒಂದು. ಹಳೇ ಗೇಮನ್ನು ಹೊಸ ಪೆಟ್ಟಿಗೆಯಲ್ಲಿ ಆಡಿಸುವ ಈ ಸೌಲಭ್ಯ 2015ರ ನವೆಂಬರಿನಲ್ಲಿ, 360ರ ನಂತರದ ಎಕ್ಸ್‌ಬಾಕ್ಸ್ ಒನ್‌ಗೆ ಬಂತು, 2017ರಲ್ಲಿ ಮೊಟ್ಟಮೊದಲ ಎಕ್ಸ್‌ಬಾಕ್ಸಿನ ಗೇಮುಗಳೂ ಸೇರಿಕೊಂಡವು, 2021ರ ನವೆಂಬರಿನಲ್ಲಿ ಕೊನೇ ಕಂತು ಬಿಟ್ಟು ಪಟ್ಟಿ ಮುಚ್ಚಿದರು. ಒಟ್ಟು 600ಕ್ಕೂ ಹೆಚ್ಚು. ಪರವಾನಗಿ, ಕಾನೂನು, ತಾಂತ್ರಿಕ ತೊಡಕು ಇದಕ್ಕಿಂತ ಮುಂದೆ ಬಿಡುತ್ತಿಲ್ಲ ಅಂತ ಆಗ ಮೈಕ್ರೋಸಾಫ್ಟ್ ಹೇಳಿತ್ತು. ಆಟಗಾರರ ಹೆಸರು, ತಂಡದ ಅಂಗಿ, ಹಾಡು ಎಲ್ಲಕ್ಕೂ ಒಂದೊಂದು ಒಪ್ಪಂದ ಇರುವ ಕ್ರೀಡೆಯ ಗೇಮುಗಳಿಗೆ ಇದು ಹೆಚ್ಚು ಕಷ್ಟ ಅಂತ ನನ್ನ ಅಂದಾಜು.

ಇಲ್ಲಿ ತಮ್ಮನ ಒಂದು ತಪ್ಪು ಬಯಲಾಯಿತು. ಬೆಲೆ ಕಡಿಮೆ ಅಂತ ತಂದ ಸೀರೀಸ್ ಎಸ್‌ನಲ್ಲಿ ಡಿಸ್ಕು ಹಾಕುವ ಬಾಯಿಯೇ ಇಲ್ಲ. ಪಾಲಿಗೆ ಬಂದ ಏಳು ಡಿಸ್ಕನ್ನು ಹೆಬ್ಬಾಳದ ಫ್ಲೈಓವರ್ ದಾಟಿಸಿಕೊಂಡು ಹೋದವನು ಅಷ್ಟೇ ಭದ್ರವಾಗಿ ವಾಪಸ್ ತಂದುಕೊಟ್ಟ. ಡಿಜಿಟಲ್ ಆಗಿ ಕೊಂಡಿದ್ದ 360 ಗೇಮುಗಳು ಮಾತ್ರ ಅಲ್ಲೂ ಸಲೀಸಾಗಿ ಆಡಲು ಬಂದವು. 2024ರ ಜುಲೈ 29ಕ್ಕೆ 360ರ ಅಂಗಡಿ ಮುಚ್ಚಿದಾಗ ಎಲ್ಲ ಹೋಯಿತು ಅಂತ ಹೆದರಿದ್ದೆವು. ಮುಚ್ಚಿದ್ದು ಆ ಪೆಟ್ಟಿಗೆಯಿಂದ ಹೊಸದಾಗಿ ಕೊಳ್ಳುವುದನ್ನು, ಮೊದಲೇ ಕೊಂಡದ್ದನ್ನು ಈಗಲೂ ಇಳಿಸಿಕೊಳ್ಳಬಹುದು.

ಗೇಮು ಸಿಕ್ಕರೆ ಸಾಲದು, ಸೇವ್ ಬೇಕು, ಅಂದರೆ ಆಟ ಎಲ್ಲಿಗೆ ನಿಲ್ಲಿಸಿದ್ದೆವೋ ಅದರ ದಾಖಲೆ. ತಮ್ಮ ಕಾಲೇಜಲ್ಲಿದ್ದಾಗ ಮುಕ್ಕಾಲು ಮುಗಿಸಿದ್ದ ಒಂದು ಡಿಜಿಟಲ್ ಗೇಮಿನ ಸೇವ್ 360ರ ಹಾರ್ಡ್‌ಡಿಸ್ಕಿನಲ್ಲೇ ಇತ್ತು. ಅದನ್ನು ಕ್ಲೌಡಿಗೆ ಏರಿಸಿದರೆ, ಅದೇ ಅಕೌಂಟಲ್ಲಿ ಹೊಸ ಕನ್ಸೋಲ್ ತೆರೆದಾಗ ತಾನೇ ಇಳಿದು ಬರುತ್ತದೆ. ಕೇಳಲಿಕ್ಕೆ ಸುಲಭ. ನಾವು ಎರಡು ಗಂಟೆ ಒದ್ದಾಡಿದ್ದು ಲಾಗಿನ್ನಲ್ಲೇ. ಪಾಸ್‌ವರ್ಡ್ ಸರಿ, ಆದರೂ ತಪ್ಪು ಅನ್ನುತ್ತಿದೆ. ಕಾರಣ ಏನೆಂದರೆ ಅವನ ಅಕೌಂಟಿಗೆ ಎರಡು ಹಂತದ ಭದ್ರತೆ ಇತ್ತು, ಆ ಕಾಲದ 360ಗೆ ಕೋಡ್ ಕೇಳುವುದೇ ಗೊತ್ತಿಲ್ಲ. ಅಕೌಂಟಿನ ಭದ್ರತಾ ಪುಟದಲ್ಲಿ 'ಆ್ಯಪ್ ಪಾಸ್‌ವರ್ಡ್' ಅಂತ ಇದೆ, ಅದನ್ನು ಹೊಸದಾಗಿ ತೆಗೆದು 360ರಲ್ಲಿ ಹಾಕಿದ ತಕ್ಷಣ ಒಳಗೆ ಬಿಟ್ಟಿತು. ಮರುದಿನ ಯಲಹಂಕದಿಂದ ಫೋನು: "ಅಣ್ಣ, ಕುದುರೆ ನಾನು ಕಟ್ಟಿಹಾಕಿದ ಜಾಗದಲ್ಲೇ ನಿಂತಿದೆ."

ಪ್ಲೇಸ್ಟೇಷನ್ ಇರುವ ಗೆಳೆಯರು ನಮಗೂ ಹೀಗೆ ಆಗುತ್ತಾ ಅಂತ ಕೇಳುತ್ತಾರೆ. ಅರ್ಧ ಆಗುತ್ತದೆ. ಪ್ಲೇಸ್ಟೇಷನ್ 5, ಅಂದರೆ ಪಿಎಸ್5ರಲ್ಲಿ ಹೋಮ್ ಬದಲು 'ಕನ್ಸೋಲ್ ಶೇರಿಂಗ್ ಆ್ಯಂಡ್ ಆಫ್‌ಲೈನ್ ಪ್ಲೇ' ಅಂತ ಇದೆ, ಒಂದು ಅಕೌಂಟಿಗೆ ಒಂದು ಪಿಎಸ್5. ಹಳೇ ಡಿಸ್ಕಿನಲ್ಲಿ ಪಿಎಸ್4ರವು ಹೆಚ್ಚುಕಡಿಮೆ ಎಲ್ಲವೂ ಆಡಲು ಬರುತ್ತವೆ, ಎರಡರದ್ದೂ ಒಂದೇ ಜಾತಿಯ ಪ್ರೊಸೆಸರ್. ಪಿಎಸ್3 ಡಿಸ್ಕು ಮಾತ್ರ ಗೋಡೆಗೆ ತೂಗುಹಾಕಲಿಕ್ಕೆ ಸರಿ. ಅದರೊಳಗಿನ ಸೆಲ್ ಪ್ರೊಸೆಸರ್ ಒಂದು ವಿಚಿತ್ರ ಕೂಡು ಕುಟುಂಬ: ಒಬ್ಬ ಯಜಮಾನ, ಸುತ್ತ ಪುಟ್ಟಪುಟ್ಟ ಕೆಲಸಗಾರ ಕೋರ್‌ಗಳು, ಯಾರಿಗೆ ಯಾವ ಕೆಲಸ ಅಂತ ಗೇಮು ಬರೆದವರೇ ಹಂಚಿಕೊಡಬೇಕಿತ್ತು. ಅದನ್ನು ನಟಿಸಿ ತೋರಿಸುವುದು ಸುಲಭವಲ್ಲ. ಬೇರೆ ಕೆಲವು ದೇಶಗಳಲ್ಲಿ ಪಿಎಸ್3 ಗೇಮನ್ನು ಸ್ಟ್ರೀಮ್ ಮಾಡಿ ಆಡಿಸುವ ಚಂದಾ ಇದೆ, ನಮ್ಮಲ್ಲಿ ಅದರ ಬದಲು ಬಂದದ್ದು ಸ್ಟ್ರೀಮಿಂಗ್ ಇಲ್ಲದ ಡೀಲಕ್ಸ್ ಎಂಬ ಚಂದಾ.

ನಿಂಟೆಂಡೊ ಸ್ವಿಚ್‌ನದು ನನಗೆ ಇಷ್ಟವಾದ ಪದ್ಧತಿ. 2025ರ ಏಪ್ರಿಲಿನಿಂದ ಡಿಜಿಟಲ್ ಗೇಮನ್ನು ವರ್ಚುವಲ್ ಕಾರ್ಡಾಗಿ ಕುಟುಂಬದವರಿಗೆ ಕಡ ಕೊಡಬಹುದು, 14 ದಿನಕ್ಕೆ ತಾನೇ ವಾಪಸ್ ಬರುತ್ತದೆ. ಕೊಡುವಾಗ ಎರಡೂ ಸ್ವಿಚ್ ಅಕ್ಕಪಕ್ಕ ಇರಬೇಕು. ಕಾದಂಬರಿ ಬಾಡಿಗೆಗೆ ಕೊಡುತ್ತಿದ್ದ ಬೀದಿ ಕೊನೆಯ ಲೈಬ್ರರಿಯ ನೆನಪಾಯಿತು. ಅಲ್ಲಿ ತಡವಾದರೆ ದಂಡ ಇತ್ತು.

ನಮ್ಮ 360 ಈಗ ಅಟ್ಟಕ್ಕೆ ವಾಪಸ್ ಹೋಗಿಲ್ಲ, ಸೀರೀಸ್ ಎಕ್ಸ್ ಪಕ್ಕದಲ್ಲೇ ಇದೆ. ಕ್ರಿಕೆಟ್ ಡಿಸ್ಕು ಅದರಲ್ಲಿ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ, ಯಾವ ಹೋಮ್ ಬದಲಾಯಿಸಿದರೂ ಯಲಹಂಕಕ್ಕೆ ಹೋಗುವುದಿಲ್ಲ. ಹಾಗಾಗಿ ಎರಡನೇ ಶನಿವಾರ ತಮ್ಮ ಇಲ್ಲಿಗೇ ಬರುತ್ತಾನೆ. ಊಟ ಅಮ್ಮನದು, ಟಾಸ್ ನನ್ನದು, ಕಂಟ್ರೋಲರಿಗೆ ನಾಲ್ಕು ಪೆನ್ಸಿಲ್ ಸೆಲ್ ತರುವುದು ಅವನ ಪಾಲು.