ಮೇ ಪಕ್ಕದಲ್ಲಿ ಕೂತ ಆಗಸ್ಟ್

ಪಿಎಚ್.ಡಿ.ಯ ಎರಡನೇ ವರ್ಷ ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮೊದಲ ಸಲ ಪೋಸ್ಟರ್ ಹಾಕಿದೆ. ನನ್ನ ಕೆಲಸ ಅಘನಾಶಿನಿ ಅಳಿವೆಯ ಬಳಚಿನ ಮೇಲೆ. ಶಿರಸಿ ಕಡೆಯಿಂದ ಅಣೆಕಟ್ಟಿನ ತಡೆಯಿಲ್ಲದೆ ಇಳಿದು ಬರುವ ಹೊಳೆ ಅದು. ಅದು ಕಡಲು ಸೇರುವ ಅಳಿವೆ 2024ರಿಂದ ರಾಮ್‌ಸರ್ ಪಟ್ಟಿಯಲ್ಲಿದೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ. ಬಳಚು ಅಂದರೆ ಕುಮಟಾ ಪೇಟೆಯಲ್ಲಿ ಸುಕ್ಕ ಮಾಡುವ ಚಿಪ್ಪು. ನಮ್ಮ ಲ್ಯಾಬಿನಲ್ಲಿ ಅದಕ್ಕೇ ವೈಜ್ಞಾನಿಕ ಹೆಸರು: ಪ್ಯಾಫಿಯಾ, ಮೆರೆಟ್ರಿಕ್ಸ್.

ಮಾದರಿ ತೆಗೆಯಲು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತಕ್ಕೇ ಹೋಗಬೇಕು. ನೀರು ಇಳಿಯುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಸರಿಯುತ್ತದೆ, ಬಸ್ಸಿನ ಹೊತ್ತು ಸರಿಯುವುದಿಲ್ಲ. ಪಿವಿಸಿ ಪೈಪಿನ 50 ಸೆಂ.ಮೀ. ಚೌಕ ಹೊತ್ತು ಅಳಿವೆ ದಡದ ತದಡಿಯಲ್ಲಿ ಇಳಿದರೆ ಬಳಚು ಹೆಕ್ಕುವ ಹೆಂಗಸರು, 'ಕಿಟಕಿ ಹಾಕಾಕೆ ಬಂದ್ಯಾ?' ಅಂತ ನಗುತ್ತಿದ್ದರು. ಚೌಕ ಕೆಸರಿಗೆ ಒತ್ತಿ, ಒಳಗಿನ ಮಣ್ಣು ಅಗೆದು, ಜರಡಿಯಲ್ಲಿ ತೊಳೆದು, ಸಿಕ್ಕಿದ್ದನ್ನು ಎಣಿಸಿ ವರ್ನಿಯರ್‌ನಲ್ಲಿ ಅಳೆಯುವುದು. ಕೆಲಸ ಅಷ್ಟೇ. ಬೆನ್ನು ಮಾತ್ರ ಎರಡು ದಿನ ಮಾತಾಡುತ್ತದೆ.

ಪೋಸ್ಟರನ್ನು ಹಿಂದಿನ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಟ್ಟೆ. ಯಾರದೋ ಹುಟ್ಟುಹಬ್ಬದ ಬ್ಯಾನರಿನ ನಂತರ ನನ್ನ ಸರದಿ. ಅವರ ಕಂಪ್ಯೂಟರಿನಲ್ಲಿ ನನ್ನ ಯುನಿಕೋಡ್ ಒತ್ತಕ್ಷರಗಳೆಲ್ಲ ಕಿತ್ತುಹೋಗಿ 'ಚಿಪ್ಪು' ಎರಡು ತುಂಡಾಗಿತ್ತು. ಈಗ ಪಿಡಿಎಫ್ ಬಿಟ್ಟು ಬೇರೇನೂ ಕೊಡುವುದಿಲ್ಲ. ಫ್ಲೆಕ್ಸಿನ ಹೊಳಪಿಗೆ ಸಭಾಂಗಣದ ಟ್ಯೂಬ್‌ಲೈಟ್ ಬಿದ್ದು ನಕ್ಷೆಯ ಅರ್ಧ ಭಾಗ ಕಾಣಲೇ ಇಲ್ಲ. ಮೇಜಿನ ಮೇಲೆ ಮಾದರಿ ಕೆಡದಂತೆ ಹಾಕಿಡುವ ಫಾರ್ಮಲಿನ್ ಬಾಟಲಿ ಇಟ್ಟದ್ದು ಇನ್ನೊಂದು ಪೆದ್ದುತನ. ವಾಸನೆಗೆ ಜನ ಹತ್ತಿರವೇ ಬರಲಿಲ್ಲ.

ಬಂದವರೊಬ್ಬರು, ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು, ಗ್ರಾಫಿನ ಮೇಲೆ ಬೆರಳಿಟ್ಟರು.

'ಮೇ ಆದ ಮೇಲೆ ಆಗಸ್ಟ್ ಏನಮ್ಮಾ?'

ಜೂನ್, ಜುಲೈ ನಾನು ಹೋಗಿರಲಿಲ್ಲ. ಮೀನು ಹಿಡಿಯುವ ಯಾಂತ್ರಿಕ ದೋಣಿಗಳಿಗೂ ಆ 61 ದಿನ ರಜೆ, ನನಗೂ ರಜೆ ಎಂದುಕೊಂಡಿದ್ದೆ. ಎಕ್ಸೆಲ್‌ನಲ್ಲಿ ಆ ಎರಡು ಸಾಲು ಹಾಕದೇ ಬಿಟ್ಟಿದ್ದರಿಂದ ಮೇ ಪಕ್ಕದಲ್ಲೇ ಆಗಸ್ಟ್ ಕೂತು, ನಡುವೆ ನುಣ್ಣನೆ ಗೆರೆ ಇಳಿದಿತ್ತು. ಅದರ ಕೆಳಗೆ ನಾನೇ ಬರೆದಿದ್ದೆ: 'ಸಂಖ್ಯೆ ಕ್ರಮೇಣ ಇಳಿಯುತ್ತದೆ.' ಘಟ್ಟದ ಮಳೆ ನುಗ್ಗಿ ಅಳಿವೆಯ ಉಪ್ಪು ಸೊನ್ನೆಯ ಹತ್ತಿರ ಇಳಿಯುವುದು ಆ ಎರಡು ತಿಂಗಳಲ್ಲೇ. ಬಳಚು ಒಂದೇ ವಾರದಲ್ಲಿ ಸತ್ತಿತೋ ನಿಧಾನವಾಗಿಯೋ, ಯಾರು ನೋಡಿದ್ದರು? 'ಕ್ರಮೇಣ' ಅನ್ನುವ ಪದ ನನ್ನದಲ್ಲ, ಎಕ್ಸೆಲ್‌ನದು. ಬಹುಮಾನದ ಆಸೆ ಅಲ್ಲಿಗೆ ಮುಗಿಯಿತು. ಗೈಡ್ ಏನೂ ಅನ್ನಲಿಲ್ಲ, ಅದೇ ಹೆಚ್ಚು ಉರಿಯಿತು.

ಮುಂದಿನ ಸಲ ಸಮಾವೇಶದ ಓಡಾಟ ನನ್ನ ತಲೆಗೇ ಬಂತು. ಊಟದ ನಂತರ ಪೋಸ್ಟರ್ ಇಟ್ಟರೆ ಪರೀಕ್ಷಕರು ತೂಕಡಿಸುತ್ತಾರೆ, ಅದಕ್ಕೆ ಬೆಳಿಗ್ಗೆಗೆ ತಂದೆ. ಹೊಳೆಯದ ಕಾಗದದಲ್ಲೇ ಮುದ್ರಿಸಬೇಕೆಂದು ಹಟ ಹಿಡಿದೆ. ಎಂ.ಎಸ್ಸಿ. ಹುಡುಗರಿಗೆ ಎರಡೇ ನಿಮಿಷದಲ್ಲಿ ಹೇಳುವ ತಾಲೀಮು ಮಾಡಿಸಿದೆ. ಎಲ್ಲರೂ ಪ್ರಸ್ತಾವನೆಯಲ್ಲೇ ಎರಡು ನಿಮಿಷ ಮುಗಿಸುತ್ತಾರೆ! 'ನಿಮಗೆ ಸಿಕ್ಕಿದ್ದೇನು, ಅಲ್ಲಿಂದ ಶುರು ಮಾಡಿ' ಅಂತ ಗದರಬೇಕಾಯಿತು. ನನ್ನ ಮೇಜಿನ ಮೇಲೆ ಈ ಸಲ ಒಣಗಿದ ಚಿಪ್ಪುಗಳ ತಟ್ಟೆ. ಬಂದವರು ಒಂದು ಚಿಪ್ಪು ಕೈಗೆತ್ತಿಕೊಂಡರೆ ಸಾಕು, ಮಾತು ತಾನಾಗಿ ಶುರುವಾಗುತ್ತಿತ್ತು.

ಆ ಮಳೆಗಾಲದ ಜುಲೈನಲ್ಲಿ ಮಳೆ ಬಿಟ್ಟ ಒಂದು ದಿನ ಪಾತಿ ದೋಣಿಯಲ್ಲಿ ಹೋಗಿ ಮೂರು ಚೌಕ ಅಗೆದು ಬಂದಿದ್ದೆ. ಆರು ಹಾಕಬೇಕಿತ್ತು, ನೀರು ಏರಿತು. ಗ್ರಾಫಿನಲ್ಲಿ ಜುಲೈಗೆ ಒಂಟಿ ಚುಕ್ಕೆ ಇಟ್ಟು, ಪಕ್ಕದಲ್ಲಿ 'ಮೂರೇ ಚೌಕ' ಎಂದು ಬರೆದೆ. ಜೂನ್ ಖಾಲಿ. ಅಲ್ಲಿ ಗೆರೆ ತುಂಡು, ಕೆಳಗೆ 'ಹೋಗಿಲ್ಲ'.

ಅದೇ ಪ್ರಾಧ್ಯಾಪಕರು ಬಂದು ಕನ್ನಡಕ ಏರಿಸಿ ಅದನ್ನು ಓದಿದರು. ತಟ್ಟೆಯಿಂದ ಒಂದು ಚಿಪ್ಪು ಎತ್ತಿಕೊಂಡು, ಉಗುರಿನಿಂದ ಅದರ ಅಂಚು ಕೆರೆಯುತ್ತಾ, 'ದೋಣಿಗೆ ಎಷ್ಟು ಕೊಟ್ಟೆ?' ಅಂದರು.