ಕಟ್ಟು ಹಾಕಲಿಲ್ಲ, ಗುಂಡನ ಕಾಲು ಕೂಡಿತು

ನಮ್ಮ ಗುಂಡ ಹ್ಯಾಮ್‌ಸ್ಟರ್, ಇಲಿ ಥರದ ಪುಟ್ಟ ಸಾಕುಪ್ರಾಣಿ. ಬಿದ್ದು ಕಾಲು ಮುರಿದುಕೊಂಡಿದ್ದ, ಈಗ ರಾತ್ರಿಯಿಡೀ ಗೂಡಿನ ಆಟದ ಚಕ್ರದಲ್ಲಿ ಓಡುತ್ತಾನೆ. ಹಿಂದಿನ ಎಡಗಾಲು ಸ್ವಲ್ಪ ಸೊಟ್ಟ, ಅಷ್ಟೇ. ಕಟ್ಟು ಹಾಕದೆ ಮೂಳೆ ಕೂಡೋದೇ ಇಲ್ಲ ಎಂದವರು, ಕಾಲು ಕತ್ತರಿಸಿಬಿಡಿ ಎಂದವರು, ಮುನ್ನೂರು ರೂಪಾಯಿ ಕೊಟ್ಟರೆ ಹೊಸ ಹ್ಯಾಮ್‌ಸ್ಟರ್ ಬರುತ್ತಲ್ಲ ಎಂದವರು, ಎಲ್ಲರೂ ಬಂದು ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವವರು ಹ್ಯಾಮ್‌ಸ್ಟರ್ ಸಾಕಿದವರೇ ಎಂದುಕೊಂಡಿದ್ದೇನೆ, ಹಾಗಾಗಿ ಮೊದಲಿಂದ ಎಲ್ಲ ಹೇಳೋದಿಲ್ಲ.

ಡಿಸೆಂಬರ್ ಚಳಿಯಲ್ಲಿ, ಬೆಂಗಳೂರಿನ ನಮ್ಮ ಮನೆಯಲ್ಲೇ ಗುಂಡ ಬಿದ್ದಿದ್ದು. ಅಕ್ಕನ ಮಗ ನಿಂತುಕೊಂಡು ಅವನನ್ನು ಎತ್ತಿಕೊಂಡಿದ್ದ, ನಾಲ್ಕಡಿ ಎತ್ತರ ಇರಬಹುದು, ಕೆಳಗೆ ಮೊಸಾಯಿಕ್ ನೆಲ. ಇವಕ್ಕೆ ಎತ್ತರ ಗೊತ್ತಾಗೋದಿಲ್ಲ ಅಲ್ವಾ, ಸುಮ್ನೆ ಮುಂದಕ್ಕೆ ನಡೆದುಬಿಡುತ್ತವೆ. ಮೊದಲ ಒಂದು ಗಂಟೆ ನಾನು ಕಾಲನ್ನು ಮುಟ್ಟಲೇ ಇಲ್ಲ. ಕತ್ತಲೆ ಡಬ್ಬ, ಅರ್ಧ ಭಾಗದ ಕೆಳಗೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ, ಅಷ್ಟೇ. ಅರ್ಧ ಭಾಗಕ್ಕೆ ಮಾತ್ರ ಯಾಕೆಂದರೆ ಸೆಖೆಯಾದರೆ ಅದು ಆಚೆ ಸರಿದುಕೊಳ್ಳಬೇಕು. ಆಮೇಲೆ ಉಸಿರು ನೋಡಿದೆ, ಮೂಗಿನಲ್ಲಿ ರಕ್ತ ಇದೆಯಾ ನೋಡಿದೆ. ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಹಿಂದಿನ ಎರಡೂ ಕಾಲು ಎಳೆಯುತ್ತಿದ್ದರೆ ಕಾಯಬೇಡಿ, ಆ ಕ್ಷಣವೇ ಡಾಕ್ಟರ ಹತ್ತಿರ ಓಡಿ.

ಗುಂಡನದು ಒಂದೇ ಕಾಲು. ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನಾಯಿ ಬೆಕ್ಕು ಬಿಟ್ಟರೆ ನೋಡೋದಿಲ್ಲ ಎಂದರು. ಇನ್ನೊಂದರಲ್ಲಿ ಕಾಲು ತೆಗೆಯೋಣ, ಎಂಟು ಹತ್ತು ಸಾವಿರ ಆಗುತ್ತೆ ಎಂದರು, ಎಕ್ಸ್‌ರೇ ಕೂಡ ತೆಗೆಯದೆ! ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದರೆ ನಾನೂ ಒಪ್ಪುತ್ತಿದ್ದೆ. ಮೂರು ಕಾಲಿನ ಹ್ಯಾಮ್‌ಸ್ಟರ್ ಚೆನ್ನಾಗಿಯೇ ಬದುಕುತ್ತದೆ. ಆದರೆ ಇಲ್ಲಿ ಚರ್ಮಕ್ಕೆ ಏನೂ ಆಗಿರಲಿಲ್ಲ. ಊರಿನ ಆ ತುದಿಯಲ್ಲಿ ಮೊಲ, ಗಿಳಿ, ಇಲಿ ನೋಡುವ ಡಾಕ್ಟರ್ ಸಿಕ್ಕಿದರು. ಅವರ ಫೀಸು ಆರುನೂರೋ ಏಳುನೂರೋ, ಎಕ್ಸ್‌ರೇ ಸಾವಿರದ ಇನ್ನೂರರ ಹತ್ತಿರ, ಆಟೋಗೆ ಬೇರೆ. ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು, ತುದಿಗಳು ಹೆಚ್ಚುಕಮ್ಮಿ ಎದುರುಬದುರೇ ಇದ್ದವು. ಬೆಂಕಿಕಡ್ಡಿಗಿಂತ ಸಣ್ಣ ಮೂಳೆ ಅದು.

ಅವರೂ ಮೊದಲು ಕಟ್ಟು ಹಾಕಿಯೇ ನೋಡಿದರು. ಐಸ್‌ಕ್ರೀಮ್ ಕಡ್ಡಿ ಸೀಳಿ, ಹತ್ತಿ ಸುತ್ತಿ, ಮೇಲೆ ಮೈಕ್ರೋಪೋರ್ ಅಂಟುಪಟ್ಟಿ. ಬೆಳಗಾಗುವಷ್ಟರಲ್ಲಿ ಕಡ್ಡಿ ಪುಡಿ, ಹತ್ತಿ ಅವನು ಆಹಾರ ತುಂಬಿಟ್ಟುಕೊಳ್ಳುವ ಕೆನ್ನೆಯ ಚೀಲದಲ್ಲಿ! ಅದನ್ನು ಹೊರಗೆ ತೆಗೆಯೋದೇ ದೊಡ್ಡ ಕೆಲಸವಾಯಿತು. ಆಮೇಲೆ ಸಿರಿಂಜಿನ ಪ್ಲಾಸ್ಟಿಕ್ ಸೀಳಿ ಕೊಳವೆ ಥರ ತೊಡಿಸಿದರು. ಹ್ಯಾಮ್‌ಸ್ಟರ್ ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ. ಏನು ಹಾಕಿದರೂ ಜಾರುತ್ತೆ, ಜಾರದ ಹಾಗೆ ಬಿಗಿ ಮಾಡಿದರೆ ಪಾದ ಊದುತ್ತೆ. ಇವನದೂ ಊದಿ ನೀಲಿಯಾಯಿತು. ಆ ಕೊಳವೆಯನ್ನು ಕತ್ತರಿಸಿ ಬಿಸಾಕಿದೆ. ಅತ್ತೆಯವರು ಪುತ್ತೂರು ಕಟ್ಟು ಹಾಕಿಸು ಎಂದರು, ಪ್ರೀತಿಯಿಂದಲೇ ಹೇಳಿದ್ದು. ನಾನು ಡಾಕ್ಟರಿಗೆ ಫೋನ್ ಮಾಡಿ, ಇನ್ನು ಕಟ್ಟೋದು ಬೇಡ ಮೇಡಂ, ಓಡಾಡದ ಹಾಗೆ ಅವನ ಮನೆಯನ್ನೇ ಚಿಕ್ಕದು ಮಾಡುತ್ತೇನೆ ಎಂದೆ. ಆಗಲಿ, ಆದರೆ ನೋವಿನ ಔಷಧಿ ತಪ್ಪಿಸಬೇಡ ಎಂದರು.

ನನ್ನ ವಿಧಾನ ಇಷ್ಟೇ. ಎರಡು ಅಂತಸ್ತಿನ ಗೂಡು, ಏಣಿ, ಚಕ್ರ, ಎಲ್ಲ ಅಟ್ಟಕ್ಕೆ. ಒಂದೂವರೆ ಅಡಿ ಉದ್ದದ ಪ್ಲಾಸ್ಟಿಕ್ ಡಬ್ಬ, ಗೋಡೆ ನುಣುಪಾಗಿರಬೇಕು. ಕಂಬಿ ಇದ್ದರೆ ಮುರಿದ ಕಾಲಲ್ಲೂ ಹತ್ತುತ್ತವೆ ಇವು! ಕೆಳಗೆ ಎರಡು ಬೆರಳು ದಪ್ಪಕ್ಕೆ ಬಿಳಿ ಟಿಶ್ಯೂ ಹರಿದು ಹಾಕಿದೆ. ಬಡಗಿ ಅಂಗಡಿಯ ಹೊಟ್ಟು ಬೇಡ, ಧೂಳು ಜಾಸ್ತಿ, ಮೂತ್ರದಲ್ಲಿ ರಕ್ತ ಇದ್ದರೂ ಕಾಣೋದಿಲ್ಲ. ಬಿಳಿ ಟಿಶ್ಯೂ ಮೇಲೆ ಎಲ್ಲ ಕಾಣುತ್ತೆ. ಇವುಗಳ ಮೂತ್ರ ಮೊದಲೇ ಹಾಲಿನ ಹಾಗೆ ಮಂಜುಮಂಜು, ಅದಕ್ಕೆ ಹೆದರಬೇಡಿ. ನೀರಿನ ಬಾಟಲಿ ಮಲಗಿದಲ್ಲಿಂದಲೇ ಬಾಯಿಗೆ ಸಿಗುವ ಹಾಗೆ ಕೆಳಕ್ಕೆ, ಜೊತೆಗೆ ಸೌತೆಕಾಯಿ ಚೂರು. ಇಷ್ಟು ಇಕ್ಕಟ್ಟಿನಲ್ಲಿ ಕೊರಗಿ ಸಾಯುತ್ತೆ ಎಂದು ಸಾಕುವ ಗೆಳೆಯರೇ ಬೈದರು. ನನಗೆ ಹಾಗನ್ನಿಸಲಿಲ್ಲ. ನಾವು ಸಾಕುವ ಸಿರಿಯನ್ ಹ್ಯಾಮ್‌ಸ್ಟರ್‌ಗಳ ಮೂಲ 1930ರಲ್ಲಿ ಅಲೆಪ್ಪೋ ಹತ್ತಿರ ನೆಲ ಅಗೆದು ಹಿಡಿದ ಒಂದು ತಾಯಿ ಮತ್ತು ಮರಿಗಳು. ಬಿಲದ ಪ್ರಾಣಿ ಇದು. ಕತ್ತಲೆಯ ಇಕ್ಕಟ್ಟು ಜಾಗ ಅದಕ್ಕೆ ಹಿತವೇ.

ನೋವಿಗೆ ಕೊಟ್ಟ ಔಷಧಿ ಮೆಲಾಕ್ಸಿಕ್ಯಾಮ್ ದ್ರವ. ಎಷ್ಟು ಎಂದು ಇಲ್ಲಿ ಬರೆಯೋದಿಲ್ಲ, ತೂಕ ನೋಡಿ ಡಾಕ್ಟರೇ ಹೇಳಬೇಕು. ಇನ್ಸುಲಿನ್ ಸಿರಿಂಜಿನ ಸೂಜಿ ತೆಗೆದು ಅಳೆದರೆ ಸರಿಯಾಗಿ ಬರುತ್ತೆ. ಕೈಯಲ್ಲಿ ಹಿಡಿಯದೆ, ಗುಂಡ ತಾನಾಗಿಯೇ ಬಂದು ನೆಕ್ಕುವ ಹಾಗೆ ಮಾಡಲು ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಮೆಡಿಕಲ್ ಶಾಪಿನವರು ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕೊಡಲು ಬಂದರು. ದಯವಿಟ್ಟು ಅದು ಬೇಡ. ಹ್ಯಾಮ್‌ಸ್ಟರ್ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಭೇದಿಯಾಗಿ ಪ್ರಾಣವೇ ಹೋಗಬಹುದು.

ಮುನ್ನೂರೈವತ್ತು ಕೊಟ್ಟು ಚಿನ್ನ ತೂಗುವ ಪುಟ್ಟ ತಕ್ಕಡಿ ತರಿಸಿದೆ. ಇಡೀ ಖರ್ಚಿನಲ್ಲಿ ಸಾರ್ಥಕವಾದದ್ದು ಅದೇ. ಬೀಳುವ ಮೊದಲು 130 ಗ್ರಾಂ ಆಸುಪಾಸು ಇದ್ದ, ಮೊದಲ ವಾರದಲ್ಲಿ 112ಕ್ಕೋ 113ಕ್ಕೋ ಇಳಿದ. ಒಂದು ದಿನ ಇದ್ದಕ್ಕಿದ್ದ ಹಾಗೆ ಏರಿತು, ಖುಷಿಯಲ್ಲಿ ಎಲ್ಲರಿಗೂ ಹೇಳಿದೆ, ನೋಡಿದರೆ ಕೆನ್ನೆ ಚೀಲದ ತುಂಬ ಸೂರ್ಯಕಾಂತಿ ಬೀಜ. ಅಂದಿನಿಂದ ಸಂಜೆ ಎದ್ದ ತಕ್ಷಣ, ಊಟಕ್ಕೆ ಮೊದಲೇ ತೂಕ.

ಊಟದ ಪ್ರಯೋಗ ಬೇಕಾದಷ್ಟು ಮಾಡಿದೆ. ಆನ್‌ಲೈನ್‌ನಲ್ಲಿ ಬರುವ ವಿದೇಶಿ ಪುಡಿ ಸಾವಿರಕ್ಕೂ ಮೇಲೆ, ಮೂಸಿ ನೋಡಿ ತಿರುಗಿ ಮಲಗಿದ. ಸಕ್ಕರೆ, ಉಪ್ಪು ಹಾಕದ ಗಟ್ಟಿ ರಾಗಿ ಸರಿ ಮಾಡಿಕೊಟ್ಟರೆ ಚಮಚ ಬಿಡಲಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ನಿಜ, ಆದರೆ ರಾಗಿಯಿಂದಲೇ ಮೂಳೆ ಕೂಡಿತು ಎಂದು ಹೇಳೋದಿಲ್ಲ. ತೂಕ ಇಳಿಯೋದು ನಿಂತಿದ್ದು ಮಾತ್ರ ಅದರಿಂದಲೇ. ಬೇಯಿಸಿದ ಮೊಟ್ಟೆ ಬಿಳಿ ಒಂದು ಚೂರು, ಮೊಳಕೆ ಹೆಸರುಕಾಳು ಒಂದೆರಡು. ಬೂದುಗುಂಬಳ, ಹೀರೆಕಾಯಿ ಎರಡೂ ಬೇಡ ಎಂದ.

ಎರಡನೇ ವಾರದ ಹೊತ್ತಿಗೆ ಕಾಲು ಊರತೊಡಗಿದ. ಅಲ್ಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಓಡಾಡುತ್ತಾನಲ್ಲ ಎಂದು ಚಕ್ರ ಕೊಟ್ಟರೆ ಎಲ್ಲ ಹಾಳು. ಮೂರು ನಾಲ್ಕು ವಾರ ಡಬ್ಬದಲ್ಲೇ ಇಟ್ಟೆ. ಮತ್ತೆ ಎಕ್ಸ್‌ರೇ ತೆಗೆಸಿದಾಗ ಮುರಿದ ಜಾಗದಲ್ಲಿ ಮೂಳೆ ಗಂಟು ಕಟ್ಟಿ ಕೂಡಿತ್ತು, ಡಾಕ್ಟರ್ ಫೋಟೋ ತೆಗೆದಿಟ್ಟುಕೊಂಡರು. ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು. ಚಕ್ರ ಮಾತ್ರ ಹೊಸದು ಕೊಂಡೆ, ಎಂಟು ಇಂಚಿನದು, ಸಂದಿಲ್ಲದ ಗಟ್ಟಿ ತಳ. ತಂತಿ ಚಕ್ರದ ಸಂದಿಯಲ್ಲಿ ಸಿಕ್ಕಿಕೊಂಡು ಇದೇ ಮೂಳೆ ಮುರಿಯುವುದು ಬಹಳ.

ಈಗ ಆ ಡಬ್ಬ ಎದುರು ಮನೆಯವರ ಗಿನಿಪಿಗ್‌ಗೆ ಹೋಗಿದೆ, ಸೋಫಾದಿಂದ ಬಿದ್ದಿದ್ದಂತೆ. ಅದಕ್ಕೆ ಡಬ್ಬ ಚಿಕ್ಕದಾಯಿತು, ಎರಡರಷ್ಟು ಬೇಕು. ಅದು ಹೊಟ್ಟೆ ಖಾಲಿ ಬಿಟ್ಟರೆ ಕೆಡುತ್ತೆ, ಹುಲ್ಲು ಸದಾ ಮುಂದಿರಬೇಕು, ವಿಟಮಿನ್ ಸಿ ಕೂಡ ಹೊರಗಿನಿಂದಲೇ ಸಿಗಬೇಕು. ದಪ್ಪ ಮೆಣಸಿನಕಾಯಿ ಕೊಡಿ ಎಂದಿದ್ದೇನೆ. ಎಕ್ಸ್‌ರೇ ನಾಳೆ.